ಉಳಿಕೆ ವಾರ್ಡು ಮುಚ್ಚಿದ ವರ್ಷ

ಜನವರಿ 9

ಅತ್ತೆ,

ನಮ್ಮ ಆಸ್ಪತ್ರೆಯಲ್ಲಿ ಕಾಯಿಲೆ ಇಲ್ಲದ ಹದಿನಾಲ್ಕು ಜನರನ್ನು ಕೂಡಿಹಾಕಿದ್ದಾರೆ. ಅವರಲ್ಲಿ ಒಬ್ಬರು ನಿಮ್ಮ ಅಣ್ಣ, ನನ್ನ ಅಪ್ಪ. ಕ್ಷೇಮ ಸಮಾಚಾರ ಆಮೇಲೆ ಬರೆಯುತ್ತೇನೆ, ಮೊದಲು ಇದನ್ನು ಓದಿ.

ಕಾಗದದ ಮೇಲೆ ಅದರ ಹೆಸರು ದೀರ್ಘಾವಧಿ ಆರೈಕೆ ವಾರ್ಡು. ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದು ಉಳಿಕೆ ವಾರ್ಡು ಎಂದು. ವೈದ್ಯರು ತಮ್ಮ ಕೆಲಸ ಮುಗಿಸಿದ್ದಾರೆ, ಮನೆಗೆ ಕಳಿಸೋಣವೆಂದರೆ ಅಲ್ಲಿ ನೋಡಿಕೊಳ್ಳುವವರಿಲ್ಲ, ಹಾಗಾಗಿ ಉಳಿದುಹೋದವರು. ಕಿಟಕಿಯ ಗಾಜಿಗೆ ಅರ್ಧದವರೆಗೆ ಬಿಳಿ ಬಣ್ಣ ಬಳಿದಿದ್ದಾರೆ. ಮಲಗಿದವರಿಗೆ ಒಂದಿಷ್ಟು ಆಕಾಶ ಕಾಣುತ್ತದೆ, ರಸ್ತೆ ಕಾಣುವುದಿಲ್ಲ. ಸ್ನಾನ ಮಂಗಳವಾರ ಮತ್ತು ಶುಕ್ರವಾರ. ರಾತ್ರಿಯ ಊಟ ಸಂಜೆ ಐದಕ್ಕೇ ಬರುತ್ತದೆ, ಏಕೆಂದರೆ ಅಡುಗೆಯವರ ಪಾಳಿ ಆರಕ್ಕೆ ಮುಗಿಯುತ್ತದೆ. ಇದನ್ನೆಲ್ಲ ಯಾರದೋ ಬಾಯಿಂದ ಕೇಳಿ ಬರೆಯುತ್ತಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲೇ ನನ್ನ ಕೆಲಸ. ಬೇರೆ ವಾರ್ಡಿನ ಹೊದಿಕೆ ಹರಿದರೆ ಹೊಸದು ಬರುತ್ತದೆ. ಉಳಿಕೆ ವಾರ್ಡಿಗೆ ಹರಿದದ್ದೇ ವಾಪಸ್ಸು ಹೋಗುತ್ತದೆ. ಕೇಳಿದರೆ ನಮ್ಮ ಮೇಲ್ವಿಚಾರಕ, "ಅವ್ರಿಗೇನಮ್ಮ, ಯಾರ ಮದುವೆಗೆ ಹೋಗ್ಬೇಕು?" ಅನ್ನುತ್ತಾನೆ.

ಅಪ್ಪನ ಎಡಗೈ, ಎಡಗಾಲು ಬಿದ್ದು ನಾಲ್ಕು ವರ್ಷವಾಯಿತು. ಅಮ್ಮ ಹೋದದ್ದು ಅದಕ್ಕೂ ಮುಂಚೆ. ನಾನು ಕೆಲಸಕ್ಕೆ ಹೊರಟರೆ ಮನೆಯಲ್ಲಿ ಯಾರೂ ಇಲ್ಲ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಆರೈಕೆ ಬಲ್ಲವರು ಯಾರಾದರೂ ಮನೆಗೆ ಬಂದು ಹೋಗುವ ಏರ್ಪಾಡಿದ್ದರೆ ಅಪ್ಪ ಇವತ್ತೇ ಮನೆಯಲ್ಲಿರುತ್ತಿದ್ದ. ಅಂಥ ಏರ್ಪಾಡು ಮಾಡಬೇಕಾದದ್ದು ಸರ್ಕಾರ. ಅದರ ಬದಲು ಗಾಜಿಗೆ ಬಣ್ಣ ಬಳಿದಿದೆ.

ಅಪ್ಪ ಅಚ್ಚುಕೂಟದಲ್ಲಿದ್ದಾಗ ಅಚ್ಚು ಕೆಟ್ಟ ಕರಪತ್ರಗಳನ್ನು ಮನೆಗೆ ತರುತ್ತಿದ್ದದ್ದು ನಿಮಗೆ ನೆನಪಿರಬೇಕು. ನಾನು ಓದಲು ಕಲಿತದ್ದೇ ಅವುಗಳಲ್ಲಿ. ಈಗಲೂ ಕರಪತ್ರ ಕಂಡರೆ ಬಿಡುವವಳಲ್ಲ. ಮೊನ್ನೆ ಒಂದರಲ್ಲಿ ಹೀಗಿತ್ತು: ಮನುಷ್ಯನನ್ನು ಬಹಳ ಕಾಲ ಕೂಡಿಹಾಕಿದರೆ ಕೊನೆಗೆ ಅವನೇ ಒಳಗಿನಿಂದ ಅಗುಳಿ ಹಾಕಿಕೊಳ್ಳುತ್ತಾನೆ. ಅಪ್ಪನಿಗೆ ಹಾಗೇ ಆಗಿದೆ. ಮನೆಯ ಮಾತೆತ್ತಿದರೆ "ಇರ್ಲಿ ಬಿಡೇ" ಎಂದು ಮುಖ ತಿರುಗಿಸುತ್ತಾನೆ.

ಮುಂದಿನ ಇಪ್ಪತ್ತು ವರ್ಷಕ್ಕೆ ಆರೋಗ್ಯ ಮತ್ತು ಆರೈಕೆಯ ಯೋಜನೆ ಬರೆಯುವ ಸಮಿತಿಯಲ್ಲಿ ನೀವಿದ್ದೀರಿ ಎಂದು ಪತ್ರಿಕೆಯಲ್ಲಿ ಓದಿದೆ. ನಿಮ್ಮಿಂದಲೇ ತಿಳಿಯಬೇಕಿತ್ತು. ಇರಲಿ. ನೀವು ಬರೆಯಬೇಕಾದದ್ದು ಎರಡೇ ಸಾಲು: ಇಂಥ ವಾರ್ಡುಗಳನ್ನು ಮುಚ್ಚಬೇಕು. ಆರೈಕೆ ಮನೆಗೆ ಬರಬೇಕು.

ಫೋನ್ ಮಾಡಬೇಡಿ. ಫೋನಿನಲ್ಲಿ ನೀವು ಮಾತು ತೇಲಿಸುತ್ತೀರಿ. ಕಾಗದದಲ್ಲಿ ಉತ್ತರ ಬೇಕು.

ನಿಮ್ಮ ಅಣ್ಣನ ಮಗಳು


ಜನವರಿ 27

ಪ್ರೀತಿಯ ಮೆಣಸಿನಕಾಯಿಗೆ,

ನಿನ್ನ ಕಾಗದ ಓದಿ ಎರಡು ಲೋಟ ನೀರು ಕುಡಿದೆ. ನಾನು ಮಾತು ತೇಲಿಸುತ್ತೇನೆ ಎನ್ನುವುದು ನಿಜ. ಇಪ್ಪತ್ತಾರು ವರ್ಷ ಸಚಿವಾಲಯದಲ್ಲಿ ಕೆಲಸ ಮಾಡಿದವರು ಮುಳುಗದಿರಲು ಬೇರೆ ದಾರಿ ಇಲ್ಲ.

ನಮ್ಮ ಸಮಿತಿ ಪ್ರತಿ ಸೋಮವಾರ ಕೂರುತ್ತದೆ. ಉದ್ದನೆಯ ಮೇಜು, ಹನ್ನೊಂದು ಜನ. ಮೇಜಿನ ಒಂದು ಮಗ್ಗುಲಲ್ಲಿ ಆಸ್ಪತ್ರೆ ಇಲಾಖೆ, ಇನ್ನೊಂದು ಮಗ್ಗುಲಲ್ಲಿ ಆರೈಕೆ ಇಲಾಖೆ, ತಲೆಯ ಕಡೆ ಹಣಕಾಸಿನವರು. ಮನೆಯಲ್ಲಿ ನೋಡಿಕೊಳ್ಳುವವರನ್ನು ಕೊಟ್ಟರೆ ವಾರ್ಡು ಖಾಲಿ ಮಾಡುತ್ತೇವೆ ಎನ್ನುತ್ತಾರೆ ಆಸ್ಪತ್ರೆಯವರು. ವಾರ್ಡಿಗೆ ಹೋಗುವ ಹಣ ನಮಗೆ ಕೊಟ್ಟರೆ ನೋಡಿಕೊಳ್ಳುವವರನ್ನು ಕೊಡುತ್ತೇವೆ ಎನ್ನುತ್ತಾರೆ ಆರೈಕೆಯವರು. ಹುಚ್ಚು ಬಿಡುವ ತನಕ ಮದುವೆ ಆಗಲ್ಲ, ಮದುವೆ ಆಗುವ ತನಕ ಹುಚ್ಚು ಬಿಡಲ್ಲ. ಅಷ್ಟರಲ್ಲಿ ಯಾರಾದರೂ "ಹಂತ ಹಂತವಾಗಿ ಮಾಡೋಣ" ಅನ್ನುತ್ತಾರೆ. ಎಲ್ಲರಿಗೂ ಸಮಾಧಾನವಾಗಿ ಚಹಾ ಬರುತ್ತದೆ.

ನಿನ್ನ ಎರಡು ಸಾಲಿಗೆ ನನ್ನ ತಕರಾರಿಲ್ಲ. ಅವು ಇರುವ ಕ್ರಮಕ್ಕೆ ತಕರಾರು. ಎರಡನೆಯದನ್ನು ಮೊದಲು ಬರೆಯಬೇಕು. ಆರೈಕೆ ಮನೆಗೆ ಬರಲಿ, ಅದು ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆ ವಾರ್ಡು ಮುಚ್ಚಲಿ. ನೀನು ಓದಿ ಬೆಳೆದ ಕರಪತ್ರಗಳು ಒಂದೇ ಮಗ್ಗುಲು ಅಚ್ಚಾದವು, ಹಿಂದಿನ ಪುಟ ಖಾಲಿ ಇರುತ್ತಿತ್ತು. ಆ ಪುಟದಲ್ಲಿ ಇಂಥದ್ದೇನೋ ಇದ್ದಿರಬೇಕು.

ಮಾರ್ಚ್ ತಿಂಗಳಲ್ಲಿ ನಮ್ಮ ತಂಡವೊಂದು ನಿಮ್ಮಲ್ಲಿಗೆ ಬರುತ್ತದೆ, ವಾರ್ಡಿನವರ ಅಭಿಪ್ರಾಯ ಕೇಳಲು. ಆವತ್ತು ಅಣ್ಣನಿಗೆ ಮಾತಾಡಲು ಬಿಡು. ಅವನ ಮನಸ್ಸಿನಲ್ಲಿರುವುದನ್ನು ಅವನೇ ಹೇಳಲಿ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಅತ್ತೆ


ಫೆಬ್ರವರಿ 4

ಅತ್ತೆ,

ನಿಮ್ಮ ಕಾಗದ ಬಂತು. ತುಂಬ ಚೆನ್ನಾಗಿದೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಇದು ಮೊದಲು, ಅದು ಆಮೇಲೆ ಎನ್ನುವವರು ಯಾವತ್ತೂ ಯಾವ ಬಾಗಿಲನ್ನೂ ತೆರೆದವರಲ್ಲ. ವಾರ್ಡು ಇರುವ ತನಕ ಯಾರಿಗೂ ಅವಸರವಿಲ್ಲ. ಅದು ಮುಚ್ಚಿದರೆ ಸರ್ಕಾರ ಮನೆಗೆ ಬಂದೇ ಬರಬೇಕು, ಬೇರೆ ದಾರಿ ಇರುವುದಿಲ್ಲ. ಇಷ್ಟು ನನಗೆ ಹೊಳೆಯುತ್ತದೆ. ನಿಮಗೆ ಹೊಳೆಯುವುದಿಲ್ಲವೆಂದರೆ ನಂಬಲಾರೆ. ನೀವು ಹೆದರಿದ್ದೀರಿ, ಅಷ್ಟೇ. ಇಪ್ಪತ್ತಾರು ವರ್ಷದಲ್ಲಿ ಕುರ್ಚಿ ನಿಮ್ಮ ಮೈಗೆ ಬೆಳೆದುಕೊಂಡಿದೆ.

ಅಪ್ಪನಿಗೆ ಮಾತಾಡಲು ಬಿಡು ಅಂತೀರಿ. ನಾಲ್ಕು ವರ್ಷ ನಾನು ಪ್ರತಿದಿನ ಅವನ ಪಕ್ಕ ಕೂತಿದ್ದೇನೆ. ನೀವು ಬಂದದ್ದು ಎರಡು ಸಲ.

ಇದಕ್ಕೆ ಉತ್ತರ ಬೇಡ.


ಮಾರ್ಚ್ 19

ಅತ್ತೆ,

ನೀವು ನಿಜವಾಗಿಯೂ ಉತ್ತರ ಬರೆಯಲಿಲ್ಲ. ಆದರೂ ಇದನ್ನು ನಿಮಗೆ ಹೇಳದೆ ಇರಲಾರೆ. ತಂಡ ಬಂದಿತ್ತು. ನಾವು ಗೆದ್ದೆವು.

ಇಬ್ಬರು ಬಂದಿದ್ದರು. ಕನ್ನಡಕದ ಹೆಂಗಸೊಬ್ಬರು ಕೇಳುವವರು, ಇನ್ನೊಬ್ಬ ಬರೆದುಕೊಳ್ಳುವವನು. ಊಟದ ಬಿಡುವಿನಲ್ಲಿ ನಾನು ಒದ್ದೆ ಕೈಯಲ್ಲೇ ಓಡಿದೆ. ಮೊದಲ ಹಾಸಿಗೆ ಕಂಡಕ್ಟರ್ ಮಾಮನದು. ಅಪ್ಪನ ಪಕ್ಕದ ಹಾಸಿಗೆಯವರು, ಬಸ್ಸಿನಲ್ಲಿ ಮೂವತ್ತು ವರ್ಷ ಚೀಟಿ ಹರಿದವರು. ಇಬ್ಬರೂ ಬೆಳಗಿನಿಂದ ಸಂಜೆಯ ತನಕ ಪತ್ರಿಕೆಯೊಂದನ್ನು ಎಳೆದಾಡಿಕೊಂಡು ಜಗಳವಾಡುತ್ತಾರೆ.

"ನಿಮಗೆ ಇಲ್ಲಿರೋದು ಇಷ್ಟವೋ, ಮನೇಲಿರೋದು ಇಷ್ಟವೋ?" ಎಂದು ಆಕೆ ಕೇಳಿದರು.

"ಯಾವ ಮನೆ ತಾಯಿ?" ಅಂದರು ಮಾಮ. "ನಮ್ಮಣ್ಣನ ಮಗ ಮೊನ್ನೆ ಬಂದು, ಇದ್ದೀನೋ ಇಲ್ವೋ ಅಂತ ನೋಡ್ಕೊಂಡು ಹೋದ. ಇದ್ದೆ. ಪಾಪ, ಬೇಜಾರಾಯ್ತು ಅವನಿಗೆ."

ವಾರ್ಡಿಗೆ ವಾರ್ಡೇ ನಕ್ಕಿತು. ಆಮೇಲೆ ಅಪ್ಪನ ಸರದಿ. ಅಪ್ಪ ಪಕ್ಕದ ಹಾಸಿಗೆಯ ಕಡೆ ಗಲ್ಲ ಎತ್ತಿ ತೋರಿಸಿ, "ಇವನಿದ್ದಾನೆ. ಜಗಳಕ್ಕೆ ಒಬ್ರು ಬೇಕಲ್ವಾ. ನಂಗೆ ಇಲ್ಲೇ ಸರಿ" ಅಂದುಬಿಟ್ಟ. ಆಕೆ ಹಾಗೇ ಬರೆಸಿಕೊಳ್ಳುತ್ತಿದ್ದರು. ನಾನು ಮುಂದೆ ಹೋಗಿ, "ಅಮ್ಮಾ, ಇದು ನಮ್ಮಪ್ಪನ ಮಾತಲ್ಲ, ಈ ವಾರ್ಡು ಕಲಿಸಿದ ಮಾತು. ಆ ಕಿಟಕಿ ನೋಡಿ. ಇವರು ರಸ್ತೆ ನೋಡಿ ನಾಲ್ಕು ವರ್ಷ ಆಯ್ತು" ಅಂದೆ. ಆಕೆ ತಿರುಗಿ ಕಿಟಕಿ ನೋಡಿದರು. ಬರೆಯುವವನ ಕೈ ನಿಂತಿತು.

"ಅಪ್ಪಾ, ಸರಿಯಾಗಿ ಯೋಚನೆ ಮಾಡಿ ಹೇಳು. ಮನೇಲಿ ನಾನಿರ್ತೀನಿ. ದಿನಾ ಎರಡು ಹೊತ್ತು ಆರೈಕೆಯವರು ಬರ್ತಾರೆ. ನಿನ್ನ ಹೊತ್ತಿಗೆ ನಿನ್ನ ಊಟ. ಆಗ?"

ಅಪ್ಪ ನನ್ನನ್ನೇ ತುಂಬ ಹೊತ್ತು ನೋಡಿದ.

"ಆಗ ಸರಿ" ಅಂದ.

"ಆಗ ಮನೆಯೇ ತಾನೆ?"

"ಹೂಂ ಕಣೇ."

ಅಲ್ಲಿಂದ ಮುಂದೆ ಒಬ್ಬೊಬ್ಬರೂ ಮನೆ ಎಂದೇ ಹೇಳಿದರು. ಕೊನೆಯಲ್ಲಿ ಕಂಡಕ್ಟರ್ ಮಾಮ, "ಎಲ್ರೂ ಇಳಿದ್ಮೇಲೆ ಖಾಲಿ ಬಸ್ಸಲ್ಲಿ ನಾನೊಬ್ನೇ ಏನ್ಮಾಡ್ಲಿ, ನಂದೂ ಮನೆ ಅಂತ ಬರ್ಕೊಳ್ಳಪ್ಪ" ಅಂದರು. ಹೊರಗೆ ಬಂದ ಮೇಲೆ ವಾರ್ಡಿನ ದೊಡ್ಡ ಸಿಸ್ಟರ್ ನನ್ನನ್ನು ತಡೆದು, "ಬಟ್ಟೆ ಒಗೆಯೋದು ಬಿಟ್ಟು ಇವತ್ತು ಜನರನ್ನೇ ಒಗೆದು ಹಿಂಡಿಬಿಟ್ಟೆಯಲ್ಲೇ" ಅಂದರು. ಹೊಟ್ಟೆಕಿಚ್ಚು. ವಾರ್ಡು ಮುಚ್ಚಿದರೆ ಅವರನ್ನು ಬೇರೆ ಕಡೆ ಹಾಕುತ್ತಾರಲ್ಲ.

ಹದಿನಾಲ್ಕಕ್ಕೆ ಹದಿನಾಲ್ಕು ಜನ, ಅತ್ತೆ. ಇನ್ನು ನಿಮ್ಮ ಉದ್ದನೆಯ ಮೇಜಿನವರು ಏನು ಹೇಳುತ್ತಾರೆ ನೋಡೋಣ.


ಏಪ್ರಿಲ್ 22

ಪ್ರೀತಿಯ ಮೆಣಸಿನಕಾಯಿಗೆ,

ನಿಮ್ಮ ವಾರ್ಡಿನ ಅಭಿಪ್ರಾಯವನ್ನು ನಿನ್ನೆ ಸಮಿತಿಯಲ್ಲಿ ಓದಿದರು. ಕಿಟಕಿಯ ಬಣ್ಣದ ಮಾತು, ನಾಲ್ಕು ವರ್ಷದ ಮಾತು, ಎಲ್ಲವೂ ಇತ್ತು. "ಜೊತೆಗಿದ್ದ ಕುಟುಂಬದವರು" ಎಂದು ನಿನ್ನನ್ನು ಕರೆದಿದ್ದಾರೆ. 

ಮೊದಲು ಬಾಯಿ ಬಿಟ್ಟದ್ದು ಹಣಕಾಸಿನವರು. ಬಹಳ ಸಂತೋಷಪಟ್ಟರು. "ಜನರೇ ಕೇಳ್ತಿದ್ದಾರೆ, ಇನ್ನು ನಮಗೇನು ಅಡ್ಡಿ?" ಅಂದರು. ಅವರು ಸಂತೋಷಪಟ್ಟದ್ದನ್ನು ಈ ಮುಂಚೆ ನಾನು ನೋಡಿಲ್ಲ.

ನಿನ್ನ ಎರಡು ಸಾಲೂ ಯೋಜನೆಯೊಳಗೆ ಬರುತ್ತವೆ. ಯಾವುದು ಯಾವ ಹಂತದಲ್ಲಿ ಎನ್ನುವುದು ಇನ್ನೂ ಚರ್ಚೆಯಲ್ಲಿದೆ. ಅಣ್ಣ ಹೇಗಿದ್ದಾನೆ? ಅವನು ಮೊದಲು ಹೇಳಿದ ಮಾತನ್ನೂ ಬರೆದುಕೊಂಡಿದ್ದಾರೆಯೇ ಎಂದು ನೋಡಿದೆ. ಇಲ್ಲ.

ಅತ್ತೆ


ಮೇ 5

ಅತ್ತೆ,

ನಿಮ್ಮನ್ನು ಹೆದರುಪುಕ್ಕಲಿ ಅಂದದ್ದನ್ನು ವಾಪಸ್ಸು ತೆಗೆದುಕೊಂಡಿದ್ದೇನೆ. ನಿಮ್ಮ ಕಾಗದವನ್ನು ಇಸ್ತ್ರಿ ಮೇಜಿನ ಮುಂದೆ ಎಲ್ಲರಿಗೂ ಓದಿ ಹೇಳಿದೆ. ಹಣಕಾಸಿನವರೂ ಒಪ್ಪಿದರೆಂದ ಮೇಲೆ ಇನ್ನೇನು ಬೇಕು?

ಮನೆ ಸಿದ್ಧವಾಗುತ್ತಿದೆ. ನಮ್ಮದು ಮೂರನೆಯ ಮಹಡಿ, ಲಿಫ್ಟ್ ಇಲ್ಲ, ಆದರೆ ಅಪ್ಪ ಒಂದು ಸಲ ಹತ್ತಿದರೆ ಸಾಕು, ರಸ್ತೆ ಕಾಣುತ್ತದೆ. ಮಂಚವನ್ನು ಕಿಟಕಿಗೆ ಎಳೆದಿದ್ದೇನೆ. ಗೋಡೆಗೆ ನಾನೇ ತಿಳಿಹಸಿರು ಹೊಡೆಯುತ್ತಿದ್ದೇನೆ. ಕೆಳಗಿನ ಮನೆಯ ಟೈಲರಕ್ಕ ಬಾಗಿಲಲ್ಲಿ ನಿಂತು, "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ತಾರಲ್ಲ, ಆ ಜಾತಿಯವಳು ನೀನು" ಎಂದು ನಕ್ಕು, ಹಳೆಯ ಬಟ್ಟೆಯಲ್ಲಿ ಎರಡು ಪರದೆ ಹೊಲಿದು ಕೊಟ್ಟಳು.

ಅಪ್ಪನಿಗೆ ದಿನಾ ವರದಿ ಒಪ್ಪಿಸುತ್ತೇನೆ. ಏನೂ ಮಾತಾಡುವುದಿಲ್ಲ, ಕೇಳಿಸಿಕೊಳ್ಳುತ್ತಾನೆ. ಸಂತೋಷಕ್ಕೆ ಮಾತು ನಿಂತುಹೋಗಿದೆ.


ಜೂನ್ 16

ಮಗೂ,

ಬಣ್ಣ ಹೊಡೆಯುವುದನ್ನು ನಿಲ್ಲಿಸು. ವಾರ್ಡು ಮುಚ್ಚುವ ಮಾತು ಬಂದರೆ, ಮನೆಗೆ ಯಾರು ಬರುತ್ತಾರೆಂದು ಬರಹದಲ್ಲಿ ಕೊಡದೆ ಅಪ್ಪನನ್ನು ಕಳಿಸಿಕೊಳ್ಳುವುದಿಲ್ಲ ಎಂದು ಹೇಳು. ಈ ವಾರ ನಾನೇ ಬರಬೇಕೆಂದಿದ್ದೆ, ಆಗಲಿಲ್ಲ.

ಅತ್ತೆ


ಆಗಸ್ಟ್ 11

ಅತ್ತೆ,

ನಿಮ್ಮ ನಾಲ್ಕು ಸಾಲು ಬಂದಾಗ, ಮತ್ತೆ ಹಳೆಯ ರೋಗ ಶುರುವಾಯಿತೆಂದು ಮಡಚಿ ಇಟ್ಟೆ. ಜುಲೈ ಕೊನೆಯ ದಿನ ವಾರ್ಡು ಮುಚ್ಚಿತು. ನಾನು ಸಹಿ ಹಾಕಿ ಅಪ್ಪನನ್ನು ಕರೆದುಕೊಂಡು ಬಂದೆ. ಕುರ್ಚಿಯ ಮೇಲೆ ಕೂರಿಸಿ ನಾಲ್ವರು ಮೂರು ಮಹಡಿ ಹತ್ತಿಸಿದರು. ಪಲ್ಲಕ್ಕಿ ಬಂತು ನೋಡಿ ಎಂದು ನಾನು ಮೆಟ್ಟಿಲಲ್ಲಿ ಎಲ್ಲರನ್ನೂ ನಗಿಸಿದೆ.

ಮಾರನೆಯ ದಿನ ಯಾರೂ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಆರೈಕೆ ಇಲಾಖೆಯ ಕಚೇರಿಗೆ ಹೋದೆ. ಕಿಟಕಿಯ ಹಿಂದೆ ಕೂತವನು ಪುಸ್ತಕ ತಿರುಗಿಸಿ, "ಮನೆ ಆರೈಕೆ ಎರಡನೇ ಹಂತ ಕಣಮ್ಮ. ಆರನೇ ವರ್ಷದಿಂದ ಶುರು" ಅಂದ.

"ವಾರ್ಡು ಮುಚ್ಚಿದ್ದಾರಲ್ಲ?"

"ಅದು ಮೊದಲನೇ ಹಂತ."

"ಮಧ್ಯದಲ್ಲಿ ಐದು ವರ್ಷ ಇವರು ಏನು ಮಾಡಬೇಕು?"

"ಅದು ನಮ್ಮ ವಿಭಾಗಕ್ಕೆ ಬರಲ್ಲ" ಅಂದ. ಒಳ್ಳೆಯವನೇ. ಕೂರಲು ಹೇಳಿದ, ನೀರು ಕೊಟ್ಟ.

ಅತ್ತೆ, ಅಚ್ಚಿನಲ್ಲಿ ತಪ್ಪಾಗಿದೆ. ಹಂತಗಳು ಅದಲುಬದಲಾಗಿವೆ. ಬಾವಿಗೆ ಇಳಿಸಿ ಹಗ್ಗ ಕೊಯ್ಯುವಂಥ ಯೋಜನೆಯನ್ನು ಬೇಕೆಂದೇ ಯಾರೂ ಬರೆಯುವುದಿಲ್ಲ. ಸೋಮವಾರದ ಸಭೆಯಲ್ಲಿ ತೋರಿಸಿ, ಬೇಗ ಸರಿಮಾಡಿಸಿ.

ನಾನು ಪಾಳಿಗೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತೇನೆ. ಬೇರೆ ಏನು ಮಾಡಲಿ? ವಾರ್ಡಿನಲ್ಲಿ ಇಬ್ಬರು ಸೇರಿ ಅಪ್ಪನನ್ನು ಎತ್ತಿ ಮಗ್ಗುಲು ಬದಲಿಸುತ್ತಿದ್ದರು. ನಾನೊಬ್ಬಳೇ ಎಳೆಯುತ್ತೇನೆ, ಎಳೆದರೆ ಚರ್ಮ ಕಿತ್ತು ಬರುತ್ತದೆ. ಸೊಂಟದ ಹತ್ತಿರ ರೂಪಾಯಿಯಗಲ ಕೆಂಪಗಾಗಿದೆ. ಕಂಡಕ್ಟರ್ ಮಾಮನನ್ನು ಅವರ ಅಣ್ಣನ ಮಗ ಕರೆದುಕೊಂಡು ಹೋದ. ಎಲ್ಲಿಗೆಂದು ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಪ್ಪ ದಿನಾ ಕೇಳುತ್ತಾನೆ. ಚೆನ್ನಾಗಿದ್ದಾರಂತೆ ಎಂದು ಹೇಳುತ್ತಿದ್ದೇನೆ.


ಆಗಸ್ಟ್ 30

ಮಗೂ,

ಅಚ್ಚಿನಲ್ಲಿ ತಪ್ಪಾಗಿಲ್ಲ.

ನಾನು ನಿನಗೆ ಚರ್ಚೆಯಲ್ಲಿದೆ ಎಂದು ಬರೆದ ದಿನವೇ ಅದು ತೀರ್ಮಾನವಾಗಿತ್ತು. ಮುಚ್ಚಿದರೆ ಉಳಿಯುವ ಹಣದಲ್ಲಿ ಮನೆ ಆರೈಕೆ ಕಟ್ಟುವುದು, ಅಷ್ಟು ಹಣ ಉಳಿಯಲು ಐದು ವರ್ಷ ಬೇಕು ಎಂಬುದು ಅವರ ಲೆಕ್ಕ. ಮೇಜಿನ ಸುತ್ತ ಕೂತವರಲ್ಲಿ ಒಬ್ಬರೂ ಕೆಟ್ಟವರಲ್ಲ. ಕ್ರಮ ತಿರುಗಿಸಬೇಕೆಂದು ನಾನು ಟಿಪ್ಪಣಿ ಬರೆದೆ. ಗಮನಿಸಲಾಗಿದೆ ಎಂದು ನಡಾವಳಿಯಲ್ಲಿ ಸೇರಿಸಿದರು. ಎದ್ದು ಹೊರಗೆ ಬರಲಿಲ್ಲ. ನಿನ್ನ ಹದಿನಾಲ್ಕು ಜನರ ಅಭಿಪ್ರಾಯ ಮೇಜಿನ ಮೇಲಿತ್ತು, ಅದನ್ನು ದಾಟಿ ಮಾತಾಡಲು ನನಗೆ ಬಾಯಿ ಬರಲಿಲ್ಲ.

ಇನ್ನೊಂದಿದೆ. ನಿನ್ನ ಮೊದಲನೆಯ ಕಾಗದ ಬಂದ ವಾರ ಅಣ್ಣ ದೊಡ್ಡ ಸಿಸ್ಟರ್ ಫೋನಿನಿಂದ ನನ್ನ ಜೊತೆ ಮಾತಾಡಿದ್ದ. "ಹುಡುಗಿ ನನ್ನ ಮನೆಗೆ ಕರ್ಕೊಂಡು ಹೋಗ್ಬೇಕು ಅಂತ ಹಟ ಹಿಡಿದಿದ್ದಾಳೆ. ನಂಗೆ ಇಲ್ಲಿ ಜೊತೆ ಇದೆ. ಅವಳ ಬದುಕು ನನ್ನ ಮಂಚಕ್ಕೆ ಕಟ್ಟಿಹಾಕೋದು ಬೇಡ. ನೀನೇ ಹೇಗಾದ್ರೂ ತಪ್ಪಿಸು, ನಾನು ಹೇಳ್ದೆ ಅನ್ಬೇಡ" ಅಂದ. ಅವನ ಮಾತು ಉಳಿಸಿದೆ. ನಿನ್ನ ಫೆಬ್ರವರಿಯ ಕಾಗದ ಬಂದ ಮೇಲೆ, ಏನು ಬರೆದರೂ ಹೆದರಿ ಬರೆದಳೆಂದು ಓದುತ್ತೀಯ ಅನ್ನಿಸಿ ಸುಮ್ಮನಾದೆ.

ಯೋಜನೆಯ ಪರಿಶೀಲನೆ ಐದನೆಯ ವರ್ಷಕ್ಕೆ. ಅದಕ್ಕೆ ಮುಂಚೆ ಯಾರೂ ಅದನ್ನು ತೆರೆಯುವುದಿಲ್ಲ. ನಿನಗೆ ಸುಳ್ಳು ಆಸೆ ಹುಟ್ಟಿಸುವ ಯೋಗ್ಯತೆ ನನಗೆ ಉಳಿದಿಲ್ಲ.

ನಾನೇನು ಮಾಡಲಿ, ಹೇಳು.

ಅತ್ತೆ


ಸೆಪ್ಟೆಂಬರ್ 20

ಅತ್ತೆ,

ನಿಮ್ಮ ಕಾಗದ ಬಂದು ಎರಡು ವಾರದ ಮೇಲಾಯಿತು. ಬೈದು ಬರೆದದ್ದನ್ನೆಲ್ಲ ಹರಿದೆ.

ಅಪ್ಪನನ್ನು ಕೇಳಿದೆ, ಅತ್ತೆಗೆ ಹಾಗಂದಿದ್ದೆಯಾ ಎಂದು. "ಅಂದಿದ್ದೆ" ಅಂದ. "ಮತ್ತೆ ಆವತ್ತು ಅವರ ಮುಂದೆ ಯಾಕೆ ಹೂಂ ಅಂದೆ?" ಎಂದು ಕೇಳಿದೆ. "ನಿನ್ನ ಕೈ ಒದ್ದೆ ಇತ್ತು. ಓಡಿ ಬಂದಿದ್ದೆ. ಅಷ್ಟು ಜನರ ಮುಂದೆ ನಿನ್ನ ಮಾತು ಬೀಳಿಸೋಕೆ ಮನಸ್ಸಾಗ್ಲಿಲ್ಲ" ಅಂದ.

ಕರಪತ್ರದಲ್ಲಿದ್ದದ್ದು ಸುಳ್ಳಲ್ಲ, ಅತ್ತೆ. ಗಾಜಿಗೆ ಬಣ್ಣ ಬಳಿದದ್ದು ತಪ್ಪೇ. ಹರಿದ ಹೊದಿಕೆ ಕೊಟ್ಟದ್ದು ತಪ್ಪೇ. ಈಗಲೂ ಹಾಗೇ ನಂಬುತ್ತೇನೆ. ಅದರಿಂದ ನನಗೆ ಯಾವ ಸಮಾಧಾನವೂ ಇಲ್ಲ.

ಸೊಂಟದ ಹುಣ್ಣು ಈಗ ನನ್ನ ಅಂಗೈಯಷ್ಟಿದೆ. ಆಸ್ಪತ್ರೆಗೆ ಒಯ್ದು ತೋರಿಸಿದೆ. ಹತ್ತು ದಿನ ಸೇರಿಸಿಕೊಂಡು ಕಳಿಸುತ್ತಾರಂತೆ, ಆಮೇಲೆ ಇರಿಸಿಕೊಳ್ಳಲು ವಾರ್ಡಿಲ್ಲ. ಮಹಡಿ ಹತ್ತಿಸುವುದು ಇಳಿಸುವುದರಲ್ಲೇ ಚರ್ಮ ಇನ್ನಷ್ಟು ಕಿತ್ತು ಬರುತ್ತದೆ ಎಂದು ವೈದ್ಯರೇ ಬೇಡವೆಂದರು. ಆರನೆಯ ವರ್ಷಕ್ಕೆ ಅಪ್ಪ ಇರುವುದಿಲ್ಲ. ಬಹುಶಃ ಮುಂದಿನ ವರ್ಷಕ್ಕೂ ಇರುವುದಿಲ್ಲ. ಕಂಡಕ್ಟರ್ ಮಾಮ ಆಗಲೇ ಇಲ್ಲವಂತೆ, ದೊಡ್ಡ ಸಿಸ್ಟರ್ ರಸ್ತೆಯಲ್ಲಿ ಸಿಕ್ಕಿ ಹೇಳಿದರು. ಬೇರೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅಪ್ಪನಿಗೆ ಇನ್ನೂ ತಿಳಿಸಿಲ್ಲ.

ಒಂದು ತಿಂಗಳಿಂದ ಬೆಳಗಿನ ಹೊತ್ತು ಟೈಲರಕ್ಕ ಮೇಲೆ ಬಂದು ನನ್ನ ಜೊತೆ ಅಪ್ಪನನ್ನು ಎತ್ತುತ್ತಿದ್ದಾಳೆ. ಇಬ್ಬರಿದ್ದರೆ ಎಳೆಯಬೇಕಾಗಿಲ್ಲ. ಹೊದಿಕೆಯ ನಾಲ್ಕು ಮೂಲೆ ಹಿಡಿದು ಎತ್ತಿ ಹೊರಳಿಸಿದರೆ ಅಪ್ಪ ನರಳುವುದಿಲ್ಲ. ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡಿ ಮಗಳ ಊರಿಗೆ ಹೋಗುತ್ತಾಳೆ. ಅಕ್ಟೋಬರ್ ಮೊದಲ ವಾರಕ್ಕೆ ಇಸ್ತ್ರಿಯವನ ಹೆಂಡತಿ ಒಪ್ಪಿದ್ದಾಳೆ, ಭಾನುವಾರದವರೆಗೆ. ಆಮೇಲೆ ಯಾರೂ ಇಲ್ಲ.

ಏನು ಮಾಡಲಿ ಎಂದು ಕೇಳಿದ್ದೀರಿ. ಟಿಪ್ಪಣಿ ಬೇಡ. ಸೋಮವಾರ ನಿಮ್ಮ ಸಭೆಯ ದಿನವೆಂದು ಗೊತ್ತು, ಆದರೂ ಸೋಮವಾರವೇ ಬೇಕು. ಉಗುರು ಕತ್ತರಿಸಿಕೊಂಡು ಬನ್ನಿ, ಬಳೆ ತೆಗೆದಿಡಿ. ನೀವು ಭುಜದ ಕಡೆ ಹಿಡಿಯಿರಿ, ಕಾಲಿನ ಕಡೆ ನಾನು ಹಿಡಿಯುತ್ತೇನೆ. ನನ್ನ ಪಾಳಿ ಏಳಕ್ಕೆ, ಅಷ್ಟರೊಳಗೆ ಮುಗಿಯಬೇಕು.

ಅಕ್ಟೋಬರ್ ಆರು, ಸೋಮವಾರ, ಬೆಳಗ್ಗೆ ಆರು ಗಂಟೆಗೆ.